ಟ್ಯಾಲಿನ್ನಿನಲ್ಲಿ ನಾನು ಹಿಂಬಾಲಿಸದ ದಿನ

ಲೈಸೆನ್ಸು ರದ್ದಾಗಿದೆ ಎಂಬ ಕಾಗದವೂ ಹಡಗಿನ ಟಿಕೆಟ್ಟೂ ಒಂದೇ ವಾರದಲ್ಲಿ ಬಂದವು. ಎರಡರ ಮೇಲೂ ಇವರ ಹೆಸರಿತ್ತು. ಇವರು ಎಂದರೆ ನನ್ನ ಗಂಡ, ಹಾಸನದ ಕಡೆಯವರು, ಇಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ಚಿಪ್ ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಉತ್ತರ ಯುರೋಪಿನ ಬಂದರುಗಳನ್ನು ಸುತ್ತುವ ಹಡಗು ಪ್ರವಾಸವನ್ನು ಇವರು ಬುಕ್ ಮಾಡಿದ್ದು ಕಾಯಿಲೆ ಗೊತ್ತಾಗುವ ಮೊದಲು. ಇವರು ಕಾರು ಓಡಿಸಕೂಡದು ಎಂದು ಡಾಕ್ಟರು ಲೈಸೆನ್ಸಿನವರಿಗೆ ಬರೆದು ಕಳಿಸಿದ್ದು ಅದು ಗೊತ್ತಾದ ಮೇಲೆ. ಎರಡು ಲಕೋಟೆಗಳನ್ನೂ ಊಟದ ಮೇಜಿನ ಮೇಲಿಟ್ಟು ನಾನು ಮೆಂತ್ಯದ ಸೊಪ್ಪು ಬಿಡಿಸಲು ಕುಳಿತೆ.

ಮರೆವಿನ ಕಾಯಿಲೆ, ಈಗಿನ್ನೂ ಶುರು, ಎಂದು ಓಕ್ಲ್ಯಾಂಡಿನ ಆಸ್ಪತ್ರೆಯಲ್ಲಿ ಹೇಳಿದ ದಿನ ನನಗೆ ಅಳು ಬರಲಿಲ್ಲ. ಬರಬಹುದು ಎಂದು ಕಾದೆ. ಪಾರ್ಕಿಂಗಿನಲ್ಲಿ ಬರಲಿಲ್ಲ, ಫ್ರೀವೇಯಲ್ಲಿ ಬರಲಿಲ್ಲ, ಮನೆಗೆ ಬಂದು ಅನ್ನಕ್ಕಿಟ್ಟಾಗಲೂ ಬರಲಿಲ್ಲ. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ಒಸಡಿನ ಹಾಗಿದ್ದೆ. ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತದೆ, ಅಷ್ಟೇ. ಹಾಗೆಯೇ ತಿಂಗಳುಗಳು ಕಳೆದವು. ನೆಂಟರು ಫೋನ್ ಮಾಡಿ ಧೈರ್ಯ ತಂದುಕೊಳ್ಳಿ ಎನ್ನುತ್ತಿದ್ದರು. ನನಗೆ ಧೈರ್ಯವೂ ಬೇಕಿರಲಿಲ್ಲ.

ಕಾರು ನನಗೆ ಬರುವುದಿಲ್ಲ. ಈ ದೇಶಕ್ಕೆ ಬಂದು ಮೂವತ್ತು ವರ್ಷ ದಾಟಿದರೂ ಕಲಿಯಲಿಲ್ಲ. ಕಲಿಸಲು ಪಕ್ಕದಲ್ಲಿ ಕೂತವರು ಇವರೇ. ಮೂರನೆಯ ದಿನಕ್ಕೆ ಇಬ್ಬರೂ ಮಾತು ಬಿಟ್ಟೆವು, ಸಂಸಾರ ಉಳಿಯಬೇಕಾದರೆ ಕಾರು ಬೇಡ ಎಂದು ಅಲ್ಲಿಗೇ ನಿಲ್ಲಿಸಿದೆವು. ಡೇಕೇರಿನ ಕೆಲಸಕ್ಕೆ, ಗ್ರೋಸರಿಗೆ, ಎಲ್ಲದಕ್ಕೂ ನನಗೆ ಬಸ್ಸು, ರೈಲು. "ನಿನ್ನ ಬಸ್ಸು ಬರೋ ಹೊತ್ಗೆ ನಾನು ಲಾಸ್ ಏಂಜಲಿಸ್‌ಗೆ ಹೋಗಿ ಬಂದಿರ್ತೀನಿ" ಎಂದು ಇವರು ರೇಗಿಸುತ್ತಿದ್ದರು. ಈಗ ಇವರೂ ನನ್ನ ಪಕ್ಕ ಬಸ್‌ಸ್ಟಾಪಿನಲ್ಲಿ ನಿಲ್ಲುವಂತಾಯಿತು. ಒಂದು ಮಾತು ಚುಚ್ಚಲು ಒಳ್ಳೆಯ ಅವಕಾಶ. ಚುಚ್ಚಬೇಕು ಅನ್ನಿಸಲಿಲ್ಲ.

ವಾಲ್ನಟ್ ಕ್ರೀಕಿನಲ್ಲಿರುವ ಮಗಳು ಪ್ರವಾಸವನ್ನೇ ಬಿಡಿ ಎಂದಳು. ಇವರು ಒಪ್ಪಲಿಲ್ಲ. ಹಾಗಾದರೆ ಪ್ರತಿ ಬಂದರಿನಲ್ಲೂ ಹಡಗಿನವರೇ ಕರೆದುಕೊಂಡು ಹೋಗುವ ಟೂರು ತಗೊಳ್ಳಿ ಎಂದಳು.

"ಅಮ್ಮಾ, ಪ್ಲೀಸ್. ಬಸ್ಸಲ್ಲಿ ಕೂರಿಸ್ಕೊಂಡು ಹೋಗಿ ವಾಪಸ್ ತಂದು ಬಿಡ್ತಾರೆ. ಇಟ್ಸ್ ಸೇಫ್. ಅಪ್ಪ ಕಳೆದುಹೋದ್ರೆ ಅಲ್ಲಿ ಯಾರನ್ನ ಕೇಳ್ತೀರ?"

ಇವರು ಅಲ್ಲೇ ಸೋಫಾದಲ್ಲಿದ್ದರು. "ಎದೆಗೆ ನಂಬರ್ ಅಂಟಿಸ್ಕೊಂಡು ಕುರಿ ಹಿಂಡಿನ ಥರ ಹೋಗೋದಾದ್ರೆ ನಾನ್ಯಾಕೆ ಅಷ್ಟು ದೂರ ಹೋಗ್ಲಿ? ಅಲ್ಲಿ ಬಸ್ಸಿದೆ, ಟ್ರ್ಯಾಮಿದೆ. ನಂಗೆ ಕಾಲಿದೆ. ಪ್ರತಿ ಊರಲ್ಲೂ ಎರಡು ಗಂಟೆ ನಾನೊಬ್ನೇ ಸುತ್ತಾಡ್ಕೊಂಡು ಬರ್ತೀನಿ. ನಿಮ್ಮಮ್ಮನೂ ಬೇಡ."

ಊರು ನೋಡುವ ಹುಚ್ಚು ಇವರಿಗೆ ಯಾವತ್ತೂ ಇರಲಿಲ್ಲ. ಇವರಿಗೆ ಬೇಕಾಗಿದ್ದು ಒಬ್ಬರೇ ಹೋಗುವುದು, ಒಬ್ಬರೇ ಬರುವುದು. ಕಾರು ಕಿತ್ತುಕೊಂಡ ಮೇಲೆ ಉಳಿದಿದ್ದ ಗಂಡಸುತನ ಅದೊಂದೇ ಎಂದು ಇವರ ತಲೆಗೆ ಹೊಕ್ಕಿತ್ತು. ಅದು ನನಗೂ ಗೊತ್ತಿತ್ತು, ಮಗಳಿಗೂ ಗೊತ್ತಿತ್ತು. ಕೊನೆಗೆ ಮಗಳು ಒಂದು ಪರೀಕ್ಷೆ ಇಟ್ಟಳು. ಮನೆ ಹತ್ತಿರದ ಬೆರ್ರಿಯೆಸಾ ಸ್ಟೇಷನ್ನಿನಲ್ಲಿ ರೈಲು ಹತ್ತಿ ಓಕ್ಲ್ಯಾಂಡಿಗೆ ಹೋಗಿ, ಅಲ್ಲಿನ ಬಂದರಿನಲ್ಲಿ ನೀರಿನ ಪಕ್ಕ ಒಂದು ಕಾಫಿ ಕುಡಿದು, ಮಧ್ಯಾಹ್ನ ಎರಡಕ್ಕೆ ಮನೆಗೆ ಬಂದರೆ ಪಾಸು. ನನ್ನನ್ನು ಅಡುಗೆಮನೆಗೆ ಕರೆದು, "ಅಮ್ಮಾ, ನೀವು ಹಿಂದೆ ಹೋಗಿ, ಓಕೆ? ಅಪ್ಪಂಗೆ ಗೊತ್ತಾಗ್ಬಾರ್ದು" ಎಂದಳು.

ನಾನು ಪಕ್ಕದ ಬೋಗಿಯಲ್ಲಿ ಕುಳಿತು ಹೋದೆ. ಇವರು ಸರಿಯಾದ ಕಡೆ ಇಳಿದರು, ಕಂಟೇನರು ಎತ್ತುವ ಕ್ರೇನುಗಳನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತರು, ಕಾಫಿ ಕುಡಿದರು, ತಿರುಗಿ ಬಂದರು. ಬರುವಾಗ ತಪ್ಪು ಪ್ಲಾಟ್‌ಫಾರ್ಮಿಗೆ ಹೋಗಿ, ಐದು ನಿಮಿಷ ಬೋರ್ಡು ನೋಡಿ, ತಾವೇ ಸರಿಮಾಡಿಕೊಂಡರು. ಎರಡಕ್ಕೆ ಹತ್ತು ನಿಮಿಷವಿರುವಾಗಲೇ ಮನೆಯಲ್ಲಿದ್ದರು. ನಾನು ಎರಡೂಕಾಲಿಗೆ ಸೊಪ್ಪಿನ ಚೀಲ ಹಿಡಿದು ಬಂದೆ. "ನೋಡಿದ್ಯಾ?" ಎಂದರು. ನೋಡಿದ್ದೆ.

ಹಡಗು ಹೊರಟ ಮೇಲೆ ಅದೇ ನನ್ನ ಉದ್ಯೋಗವಾಯಿತು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಇಳಿಯುತ್ತಿದ್ದೆವು, ಒಂದಷ್ಟು ತಿರುಗಿ ವಾಪಸು ಬಂದು ಊಟ ಮಾಡುತ್ತಿದ್ದೆವು. ಆಮೇಲೆ ಇವರ ಎರಡು ಗಂಟೆ. ನಾನು ಮಲಗುತ್ತೇನೆ ಎಂದು ಹೇಳಿ, ನೂರು ಎಣಿಸಿ, ಹಿಂದೆ ಹೊರಡುತ್ತಿದ್ದೆ. ಕೋಪನ್‌ಹೇಗನ್ನಿನಲ್ಲಿ ಬಂದರಿನ ಬಸ್ಸಿಗೆ ಮುಂದಿನ ಬಾಗಿಲಿನಿಂದ ಇವರು, ಹಿಂದಿನ ಬಾಗಿಲಿನಿಂದ ನಾನು. ಸ್ಟಾಕ್‌ಹೋಮಿನಲ್ಲಿ ಹಡಗು ನಿಂತಿದ್ದೇ ಊರಿನಿಂದ ರೈಲಿನಲ್ಲಿ ಒಂದು ಗಂಟೆ ದೂರದಲ್ಲಿ, ಅಲ್ಲಿ ಮಾತ್ರ ಇಡೀ ದಿನ ಜೊತೆಗೇ ಇದ್ದೆವು. ಹೆಲ್ಸಿಂಕಿಯಲ್ಲಿ ಟ್ರ್ಯಾಮು. ಇವರು ಟಿಕೆಟ್ ಮೆಷಿನ್ನಿನ ಮುಂದೆ ಬೆರಳು ಚಾಚಿಕೊಂಡು ನಿಂತೇ ಇದ್ದರು. ನಾನು ಸೈಕಲ್ಲುಗಳ ಸಾಲಿನ ಹಿಂದಿನಿಂದ ಮನಸ್ಸಿನಲ್ಲೇ, ಹಸಿರು ಬಟನ್ನು, ಹಸಿರು ಬಟನ್ನು ಎನ್ನುತ್ತಿದ್ದೆ. ಒಬ್ಬ ಹುಡುಗಿ ಬಂದು ಒತ್ತಿಕೊಟ್ಟಳು.

ಯುರೋಪು ಹೇಗಿತ್ತು ಎಂದು ಕೇಳಿದರೆ ಇವರ ನೀಲಿ ಜಾಕೆಟ್ಟಿನ ಬೆನ್ನು ಹೇಗಿದೆ ಎಂದು ಹೇಳಬಲ್ಲೆ. ಚರ್ಚು, ಅರಮನೆ, ಗೋಪುರ ಎಲ್ಲ ಅದರ ಆಚೀಚೆ ಹಾದುಹೋದವು. ಚೆನ್ನಾಗಿಯೇ ಇದ್ದಿರಬೇಕು, ಜನ ಫೋಟೊ ತೆಗೆಯುತ್ತಿದ್ದರು.

ಸಂಜೆ ಕ್ಯಾಬಿನ್ನಿನಲ್ಲಿ ಇವರು ತಮ್ಮ ಸಾಹಸ ಹೇಳುತ್ತಿದ್ದರು. ಎಲ್ಲಿ ಇಳಿದೆ, ಎಲ್ಲಿ ತಿರುಗಿದೆ, ಏನು ತಿಂದೆ. "ಯಾರನ್ನೂ ಒಂದು ಮಾತು ಕೇಳ್ಲಿಲ್ಲ, ಗೊತ್ತಾ?" ಮೂರು ಜನರನ್ನು ಕೇಳಿದ್ದನ್ನು ನಾನೇ ಕಂಡಿದ್ದೆ. "ಹೌದಾ!" ಎಂದು ಆಶ್ಚರ್ಯಪಡುತ್ತಿದ್ದೆ. ಹೆಲ್ಸಿಂಕಿಯ ಮಾರ್ಕೆಟ್ಟಿನಲ್ಲಿ ಸ್ಟ್ರಾಬೆರಿ ಕೊಂಡು ತಿಂದವರು ಡಬ್ಬಿಯ ತಳದಲ್ಲಿ ನಾಲ್ಕು ಹಣ್ಣು ನನಗೆಂದು ಉಳಿಸಿ ತಂದಿದ್ದರು. ಸಿಹಿಯಾಗಿದ್ದವು. ಸಿಹಿ ಎಂದು ಗೊತ್ತಾಯಿತು, ಅಷ್ಟೇ.

ಮರುದಿನದ ಬಂದರು ಟ್ಯಾಲಿನ್. ಹಡಗು ನಿಂತ ಕಡೆಯಿಂದ ಹಳೆಯ ಊರಿಗೆ ನಡೆದೇ ಹೋಗಬಹುದು, ಇಪ್ಪತ್ತು ನಿಮಿಷ. ಬೆಳಿಗ್ಗೆ ಇಬ್ಬರೂ ಕೋಟೆಗೋಡೆಯವರೆಗೆ ಹೋಗಿ ಬಂದೆವು. ಒಂದು ಗಂಟೆಗೆ ಇವರು ಹೊರಟಾಗ ನಾನೂ ಗಾಳಿಗೆಂದು ಟರ್ಮಿನಲ್ಲಿನವರೆಗೆ ಇಳಿದು ಬೆಂಚಿನಲ್ಲಿ ಕೂತಿದ್ದೆ. "ಹೋಗಿ ಬರ್ತೀನಿ" ಎಂದರು. "ಮೂರು ಗಂಟೆಗೆ ಬಂದ್ಬಿಡಿ" ಎಂದೆ. ಎಲ್ಲಿಗೆ ಎಂದು ಕೇಳಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಮಂಡ್ಯದಲ್ಲಿ ನನ್ನ ಅಜ್ಜಿ ಬೈದು ಕಲಿಸಿದ್ದು. ಬಹಳ ಅಗತ್ಯವಿದ್ದರೆ ದೂರ ಹೊರಟಿರಾ ಎನ್ನಬೇಕು. ಅಮೆರಿಕದಲ್ಲಿ ಮೂವತ್ತು ವರ್ಷ ಇದ್ದರೂ ಇವರನ್ನು ಬಾಗಿಲಲ್ಲಿ ನಾನು ಆ ಪ್ರಶ್ನೆ ಕೇಳಿದವಳಲ್ಲ.

ಇವರು ರಸ್ತೆ ದಾಟಿದರು. ನಾನು ನೂರು ಎಣಿಸಿದೆ. ಏಳಲಿಲ್ಲ. ಇನ್ನೊಂದು ನೂರು ಎಣಿಸಿದೆ. ನೀಲಿ ಜಾಕೆಟ್ಟು ಒಂದು ಬಸ್ಸಿನ ಹಿಂದೆ ಮರೆಯಾಗಿ, ಬಸ್ಸು ಹೋದ ಮೇಲೆ ಅಲ್ಲಿರಲಿಲ್ಲ. ಏಳದೆ ಇರಲು ಕಾರಣ ಏನೂ ಇರಲಿಲ್ಲ. ಬಿಸಿಲಿತ್ತು, ಬೆಂಚು ಬೆಚ್ಚಗಿತ್ತು.

ಮೂರಾಯಿತು. ಮೂರೂವರೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ಕ್ಯಾಬಿನ್ನಿಗೆ ಹೋಗಿ ನೋಡಿದರೆ ಫೋನು ದಿಂಬಿನ ಪಕ್ಕ ಚಾರ್ಜಿಗಿತ್ತು. ಎಲ್ಲರೂ ಹಡಗಿನೊಳಗಿರಬೇಕಾದ್ದು ನಾಲ್ಕೂವರೆಗೆ, ಹಡಗು ಬಿಡುವುದು ಐದಕ್ಕೆ. ನಾಲ್ಕಕ್ಕೆ ಮತ್ತೆ ಕೆಳಗಿಳಿದು, ಹಡಗಿನ ಬಾಗಿಲಲ್ಲಿ ಪ್ರಯಾಣಿಕರ ಕಾರ್ಡು ನೋಡುತ್ತಿದ್ದ ಹೆಂಗಸಿಗೆ ವಿಷಯ ಹೇಳಿದೆ. ನನ್ನ ಮಗಳ ವಯಸ್ಸಿನವಳು. ಒಂದು ಹಾಳೆ ತೆಗೆದುಕೊಂಡಳು.

ಎಲ್ಲಿಗೆ ಹೋದರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ನಿಮಗೆ ಹೇಳಲಿಲ್ಲವೇ ಎಂದಳು. ನಾನು ಕೇಳಲಿಲ್ಲ ಎಂದೆ. ಅವಳು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ನಮ್ಮಲ್ಲಿ ಹಾಗೆ ಕೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುವಾಗಲೇ ಅದು ಎಂಥ ಮಾತು ಎಂದು ನನಗೆ ಕೇಳಿಸಿತು. ಮರೆವಿನ ಕಾಯಿಲೆಯ ಗಂಡನನ್ನು ಗೊತ್ತಿಲ್ಲದ ಊರಿಗೆ ಕಳಿಸಿ, ಶಕುನ ಕೆಡಬಾರದು ಎಂದು ಎಲ್ಲಿಗೆ ಎಂದು ಕೇಳದೆ ಬಿಟ್ಟಿದ್ದೆ.

ಅವಳು ಒಳ್ಳೆಯವಳು. ಇವರು ಬರದಿದ್ದರೆ ಹಡಗಿನವರು ಏನು ಮಾಡುತ್ತಾರೆ ಎಂದು ಮೆಲ್ಲಗೆ ವಿವರಿಸಿದಳು. ಕ್ಯಾಬಿನ್ನಿನಿಂದ ಇವರ ಪಾಸ್‌ಪೋರ್ಟು ತೆಗೆದು ಬಂದರಿನವರ ಕೈಗೆ ಕೊಟ್ಟು ಹೋಗುತ್ತಾರೆ, ಪೊಲೀಸರಿಗೆ ಹೇಳುತ್ತಾರೆ, ಹಡಗು ಕಾಯುವುದಿಲ್ಲ. ಆಮೇಲೆ ಕೇಳಿದಳು, ನೀವು ಇಲ್ಲೇ ಇಳಿದುಕೊಳ್ಳುತ್ತೀರಾ, ಅಥವಾ ಹಡಗಿನಲ್ಲಿ ಮುಂದೆ ಹೋಗುತ್ತೀರಾ?

ಯೋಚಿಸಿ ಹೇಳುತ್ತೇನೆ ಎಂದೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ? ಆದರೂ ಪಕ್ಕದ ಕಂಬಕ್ಕೆ ಒರಗಿ ನಿಂತು ಯೋಚಿಸಿದೆ. ಕ್ಯಾಬಿನ್ನಿಗೆ ಒಬ್ಬಳೇ ಹೋಗಿ ಬಾಗಿಲು ಹಾಕಿಕೊಂಡಂತೆ. ಬೆಳಿಗ್ಗೆ ಎದ್ದು ಮಾತ್ರೆ ಡಬ್ಬಿ ತುಂಬುವ ಕೆಲಸವಿಲ್ಲದಂತೆ. ಇವತ್ತು ಯಾವ ವಾರ ಎಂದು ಯಾರೂ ಏಳು ಸಲ ಕೇಳದಂತೆ. ಮುಂದಿನ ಊರಿನಲ್ಲಿ ಇಳಿದು ಗೋಪುರವನ್ನು ಗೋಪುರದ ಹಾಗೆ ನೋಡಿದಂತೆ. ಕಾಯಿಲೆ ಗೊತ್ತಾದಂದಿನಿಂದ ಮೊದಲ ಸಲ ನನಗೆ ಏನೋ ಅನ್ನಿಸಿತು. ಅದು ಭಯವಲ್ಲ, ದುಃಖವೂ ಅಲ್ಲ. ಹಗುರ ಅನ್ನಿಸಿತು. ಹಾಯಾಗಿತ್ತು. ಸುಳ್ಳು ಹೇಳಿ ಏನಾಗಬೇಕಾಗಿದೆ, ಇವರು ಬರದೇ ಇದ್ದರೂ ಆದೀತು ಎಂದು ನಾನು ಇಪ್ಪತ್ತು ನಿಮಿಷ ನಿಂತಿದ್ದೆ.

ನಾಲ್ಕೂವರೆ ದಾಟಿ ನಾಲ್ಕೈದು ನಿಮಿಷಕ್ಕೆ ಇವರು ಬಂದರು. ಜಾಕೆಟ್ಟು ತೋಳಿನ ಮೇಲಿತ್ತು, ಅಂಗಿ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ಓಡುವ ಹಾಗೆ ನಡೆಯುತ್ತ ಬಂದವರು ನನ್ನನ್ನು ಕಂಡು ನಿಂತುಬಿಟ್ಟರು. ಬಾಗಿಲಿನ ಹೆಂಗಸು ಏನೋ ಹೇಳಿ ನಕ್ಕಳು. ಇವರು ಅವಳ ಕಡೆ ನೋಡಲೇ ಇಲ್ಲ.

"ಎಲ್ಲಿಗೆ ಹೋಗಿದ್ದೆ ನೀನು?" ಎಂದರು.

"ನಾನಾ?"

"ಚರ್ಚಿನ ಗೋಡೆ ಮೇಲೆ ಒಂದು ಗಡಿಯಾರ ಇದೆ, ಅಲ್ಲಿ ತಿರುಗಿ ನೋಡ್ದೆ. ನೀನು ಇರ್ಲಿಲ್ಲ. ಇನ್ನೊಂದು ಮೂಲೇಲಿ ನೋಡ್ದೆ, ಅಲ್ಲೂ ಇಲ್ಲ. ಬರ್ತಾಳೆ ಅಂತ ಮೆಟ್ಟಿಲ ಮೇಲೆ ಕೂತೆ. ಎಷ್ಟು ಹೊತ್ತು ಕೂತ್ನೋ ಗೊತ್ತಿಲ್ಲ. ಆಮೇಲೆ ಹುಡುಕಿದೆ. ಸಿಕ್ಕ ಸಿಕ್ಕವರನ್ನ ಕೇಳ್ದೆ, ಕೆಂಪು ಸ್ವೆಟರ್ ಹಾಕಿರೋ ಹೆಂಗಸನ್ನ ನೋಡಿದ್ರಾ ಅಂತ."

ನಾನು ನನ್ನ ಸ್ವೆಟರಿನ ಕೆಂಪು ತೋಳು ನೋಡಿಕೊಂಡೆ.

"ಓಕ್ಲ್ಯಾಂಡಲ್ಲೇ ನೋಡಿದ್ದೆ ನಿನ್ನ. ಆ ಸ್ವೆಟರ್ ಹಾಕ್ಕೊಂಡು ಯಾರಾದ್ರೂ ಬಚ್ಚಿಟ್ಕೋತಾರಾ? ಇರ್ಲಿ, ಹಿಂದೆ ಬರ್ತಾಳಲ್ಲ ಅಂತ ನಾನೂ ಧೈರ್ಯವಾಗಿ ನಡೀತಿದ್ದೆ. ಇವತ್ತು ಏನಾಯ್ತು? ಬಿದ್ದುಗಿದ್ದು ಬಿಟ್ಯೇನೋ ಅನ್ಕೊಂಡೆ ಕಣೇ."

ಕಳೆದುಹೋದವಳು ನಾನು ಎಂದುಕೊಂಡು ಇವರು ಆ ಊರಿನ ಗಲ್ಲಿಗಲ್ಲಿ ಹುಡುಕಿ, ಕೊನೆಗೆ ದಾರಿ ಕೇಳಿಕೊಂಡು ಹಡಗಿಗೆ ಬಂದಿದ್ದರು. ಇವರು ನಿಜವಾಗಿ ಒಬ್ಬರೇ ತಿರುಗಿದ್ದು ಅದೊಂದೇ ದಿನ.

"ಮೊಣಕಾಲು ನೋವು ಬಂತು ರೀ" ಎಂದೆ. "ನಡೆಯೋಕ್ಕೆ ಆಗ್ಲಿಲ್ಲ."

"ಹೇಳೋದಲ್ವಾ?" ಎಂದು ನನ್ನ ತೋಳಿನ ಕೆಳಗೆ ಕೈಕೊಟ್ಟು, ಒಂದೊಂದೇ ಹೆಜ್ಜೆ ಇಡಿಸುತ್ತ ಹಡಗು ಹತ್ತಿಸಿದರು. ನಾನು ಕುಂಟಿದೆ. ಯಾವ ಕಾಲು ಎಂದು ಕೇಳಿದಾಗ ಬಲಗಾಲು ಎಂದೆ. ಆಗಲಾದರೂ ಅಳು ಬರುತ್ತದೇನೋ ಅಂದುಕೊಂಡೆ. ಬರಲಿಲ್ಲ.

ಅದಾದ ಮೇಲೆ ಇವರು ಯಾವ ಬಂದರಿನಲ್ಲೂ ಒಬ್ಬರೇ ಇಳಿಯಲಿಲ್ಲ. ಹೆಂಡತಿಗೆ ಕಾಲು ನೋವು, ಬಿಟ್ಟು ಹೋಗುವುದು ಹೇಗೆ ಎಂದು ಊಟದ ಮೇಜಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು. ಮನೆಗೆ ಬಂದ ಮೇಲೂ ಹಾಗೆಯೇ. ಬೆರ್ರಿಯೆಸಾ ಸ್ಟೇಷನ್ನಿಗೆ ನನ್ನ ತೋಳು ಹಿಡಿದೇ ಬರುತ್ತಾರೆ. ರೈಲಿನಲ್ಲಿ ಮೊದಲು ನನ್ನನ್ನು ಕೂರಿಸಿ ಆಮೇಲೆ ತಾವು ಕೂರುತ್ತಾರೆ. ಅಪ್ಪ ಅಮ್ಮನನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದು ಮಗಳಿಗೆ ಸಮಾಧಾನ.

ಆಮೇಲೆ ಇವರು ಟ್ಯಾಲಿನ್ ಮರೆತರು. ಹೆಲ್ಸಿಂಕಿ, ಸ್ಟ್ರಾಬೆರಿ, ಹಡಗು ಎಲ್ಲ ಹೋಯಿತು. ಲೈಸೆನ್ಸು ಹೋದದ್ದೂ ಮರೆತಿದೆ, ಕೆಲವು ದಿನ ಕಾರಿನ ಕೀ ಹುಡುಕುತ್ತಾರೆ. ಮೊಮ್ಮಗಳ ಹೆಸರಿಗೆ ಸ್ವಲ್ಪ ಹೊತ್ತು ತಡಕಾಡುತ್ತಾರೆ. ಒಂದನ್ನು ಮಾತ್ರ ಮರೆತಿಲ್ಲ. ಬೆಳಿಗ್ಗೆ ಕಾಫಿ ಲೋಟ ಕೈಗೆ ಬಂದ ತಕ್ಷಣ, "ಬಲಗಾಲು ಹೇಗಿದೆ?" ಎಂದು ಕೇಳುತ್ತಾರೆ.

ವಾಸಿಯಾಗಿದೆ ಎಂದರೆ ಇವರು ಒಬ್ಬರೇ ಹೊರಟುಬಿಡುತ್ತಾರೆ. ಇನ್ನೂ ಇದೆ ರೀ, ಎನ್ನುತ್ತೇನೆ.