ನಾಲ್ಕು ಸಲ ಸತ್ತ ನನ್ನ ಸೂಪರ್‌ಹೀರೋ

ಹೊಸಪೇಟೆಯಲ್ಲಿ ನಾನೇ ಬರೆದು ನಾನೇ ಅಚ್ಚು ಹಾಕಿಸುವ ಕಾಮಿಕ್ಸ್‌ನಲ್ಲಿ ನಮ್ಮ ಸೂಪರ್‌ಹೀರೋನನ್ನು ನಾಲ್ಕು ಸಲ ಕೊಂದಿದ್ದೆ. ಅವನು ಸತ್ತ ತಿಂಗಳು ಪುಸ್ತಕ ಚೆನ್ನಾಗಿ ಹೋಗುತ್ತಿತ್ತು. ಮುಂದಿನ ತಿಂಗಳು ಎಬ್ಬಿಸಿ ಕೂರಿಸುತ್ತಿದ್ದೆ. ನಾಲ್ಕನೇ ಸಲ ಎಬ್ಬಿಸಿದಾಗ ಕಂಪ್ಲಿಯ ಪುಸ್ತಕದಂಗಡಿಯ ಅಕ್ಕ ಪುಸ್ತಕಗಳ ಕಟ್ಟು ಬಿಚ್ಚದೆಯೇ ವಾಪಸ್ ಕೊಟ್ಟರು.

“ಮೊದ್ಲನೇ ಸಲ ಸತ್ತಾಗ ಮೆಟ್ರಿ ಊರಿನ ಹುಡುಗ್ರು ಅವ್ನ ಮೂರನೇ ದಿನದ ಕಾರ್ಯ ಮಾಡಿ ಮಂಡಕ್ಕಿ ಹಂಚಿದ್ರು. ಈಗ ಸತ್ರ ಯಾರೂ ಕೇಳಂಗಿಲ್ಲ ತಮ್ಮಾ.”

“ಇನ್ನೊಂದ್ಸಲ ಕೊಲ್ಲಲೇನಕ್ಕಾ?”

“ಸಾಯ್ಸಬ್ಯಾಡ. ಒಂದ್ಸಲನಾರ ನೋವಾಗ್ಲಿ ಅವ್ನಿಗೆ.”

ಮನೆಗೆ ಬಂದು ಹೀರೋನ ಬಲಗೈ ಮುರಿದು ಪಟ್ಟಿ ಕಟ್ಟಿದೆ. ಬೆರಳಿನ ಚಿತ್ರ ಬರೆಯಲು ನನಗೆ ಹೇಗೂ ಬರುವುದಿಲ್ಲ, ಅವೂ ಪಟ್ಟಿಯೊಳಗೆ ಮುಚ್ಚಿಹೋದವು. ಮೂಳೆ ಕೂಡುವತನಕ ಅವನು ಹಾರುವುದಿಲ್ಲ. ಒಬ್ಬರೂ ಕೊಳ್ಳದಿದ್ದರೂ ಸರಿ, ಆ ಪಟ್ಟಿಯನ್ನು ನಾನು ಬೇಗ ಬಿಚ್ಚುವುದಿಲ್ಲ.