ತೋರಣಕ್ಕೆಂದು ಇಳಿಸಿದ ಎಕ್ಸ್‌ರೇ

ಕ್ರಾಸ್ ಸ್ಟಿಚ್ ಹಾಕುವವಳಿಗೆ ಕೆಮ್ಮಿನಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಮ್ಯಾಟಿ ಬಟ್ಟೆಯ ಪುಟಾಣಿ ಚೌಕಗಳನ್ನು ಮನಸ್ಸಿನಲ್ಲೇ ಎಣಿಸುತ್ತಾ ಕೂತಿರುತ್ತೀರಿ, ಹದಿನೇಳು, ಹದಿನೆಂಟು, ಅಷ್ಟರಲ್ಲಿ ಮಂಚದ ಮೇಲಿಂದ ಕೆಮ್ಮು. ಎಣಿಕೆ ಹೋಯಿತು! ಒಂದೇ ಒಂದು ಚೌಕ ತಪ್ಪಿದರೂ ಗಿಳಿಯ ಕೊಕ್ಕು ಹೋಗಿ ಅದರ ಕಣ್ಣಿನ ಮೇಲೆ ಕೂರುತ್ತದೆ. ಬಿಚ್ಚಬೇಕು, ಮತ್ತೆ ನಟ್ಟನಡುವಿನಿಂದ ಎಣಿಸಬೇಕು. ತೊಂಬತ್ತರ ದಶಕದ ಕೊನೆಯ ಆ ಚಳಿಗಾಲದಲ್ಲಿ ನಾನು ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು.

ನಮ್ಮದು ತಮಿಳುನಾಡಿನ ಓಡೈಪಟ್ಟಿಯಲ್ಲಿ ದ್ರಾಕ್ಷಿ ತೋಟದ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಣನೆಲದ ಆಂಡಿಪಟ್ಟಿಯಿಂದ ಮದುವೆಯಾಗಿ ಬಂದ ನನಗೆ ಈ ಕಣಿವೆಯ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಚಳಿ ಆರು ವರ್ಷವಾದರೂ ಒಗ್ಗಿರಲಿಲ್ಲ. ಬೆಳಿಗ್ಗೆ ಒಂಬತ್ತಾದರೂ ಚಪ್ಪರದಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಆ ವರ್ಷ ಯಜಮಾನರಿಗೆ ಟಿ.ಬಿ. ಎಂದು ತೇನಿಯ ಡಾಕ್ಟರು ಹೇಳಿದ್ದರು. ಅದೇ ದೀಪಾವಳಿ ಹೊತ್ತಿಗೆ ಕಂಬಂನಲ್ಲಿದ್ದ ಅತ್ತಿಗೆಯ, ಅಂದರೆ ಯಜಮಾನರ ಅಕ್ಕನ, ಮಗಳು ದೊಡ್ಡವಳಾದಳು. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳ ಕೊನೆಗೆ ಅವಳ ಆರತಿ ಎಂದು ಗೊತ್ತಾಯಿತು.

ನಮ್ಮವರಲ್ಲಿ ಸೋದರಮಾವ ಇಲ್ಲದೆ ಹೆಣ್ಣುಮಗಳ ಆರತಿ ಇಲ್ಲ. ಅವನೇ ಉಡುಗೊರೆಯ ಶೀರು ತಟ್ಟೆಗಳ ಜೊತೆ ಬಂದು ಮಾಲೆ ಹಾಕಬೇಕು. ಅವನು ಬರದಿದ್ದರೆ ಜನ ಯಾಕೆ ಬರಲಿಲ್ಲ ಎಂದು ಕೇಳುತ್ತಾರೆ, ಉತ್ತರ ಸಿಗುವವರೆಗೂ ಬಿಡುವುದಿಲ್ಲ. ಹಾಗಾಗಿ ತೈ ತಿಂಗಳೊಳಗೆ ಗಂಡನನ್ನು ಎಬ್ಬಿಸಿ ನಿಲ್ಲಿಸುವುದು ನನ್ನ ತಲೆಯ ಮೇಲೆ ಬಿತ್ತು. ಜೊತೆಗೆ ಹುಡುಗಿಗೆ ಅತ್ತೆಯಾದ ನನ್ನ ಕಡೆಯಿಂದ ಕೈಕೆಲಸ ಏನಾದರೂ ಇರಲಿ ಎಂದು, ಅವರ ಬಾಗಿಲಿಗೆ ಒಂದು ತೋರಣ ಹೊಲಿಯುತ್ತೇನೆಂದು ನಾನೇ ಬಾಯಿಬಿಟ್ಟು ಹೇಳಿದ್ದೆ. ಏಳು ಎಲೆ, ಎಲೆಗೊಂದು ಗಿಳಿ, ಗಿಳಿಗೊಂದು ದ್ರಾಕ್ಷಿ ಗೊಂಚಲು. ಶಾಲೆಯ ಹೊಲಿಗೆ ಟೀಚರಿಂದ ಕಲಿತ ವಿದ್ಯೆ ನನಗಿದ್ದ ಒಂದೇ ಜಂಬ.

ಮೊದಲ ಸಲ ಡಾಕ್ಟರ ಹತ್ತಿರ ಹೋದಾಗ ಅತ್ತಿಗೆಯೂ ಬಂದಿದ್ದಳು. ಡಾಕ್ಟರು ತಮಿಳಿನಲ್ಲಿ, "ಮುಂಚೆ ಯಾವತ್ತಾದರೂ ಈ ಕಾಯಿಲೆಗೆ ಮಾತ್ರೆ ತಿಂದಿದ್ದಾರಾ?" ಎಂದು ಕೇಳಿದರು. ನಾನು ಗಂಡನ ಮುಖ ನೋಡುವುದರೊಳಗೆ ಅತ್ತಿಗೆ, "ಇಲ್ಲವೇ ಇಲ್ಲ ಸಾರ್, ಇದೇ ಮೊದಲು" ಎಂದುಬಿಟ್ಟಳು. ಯಜಮಾನರು ತಲೆ ಬಗ್ಗಿಸಿ ಕೂತಿದ್ದರು. ಪಾಪ, ಹೆದರಿದ್ದಾರೆ ಎಂದುಕೊಂಡೆ. ನನ್ನಂಥ ಪೆದ್ದಿ ಇನ್ನೊಬ್ಬಳಿರಲಾರಳು.

ಆಮೇಲೆ ನನ್ನ ದಿನಚರಿ ಕೇಳಬೇಡಿ. ಬೆಳಗಾಗುತ್ತಲೇ ಬರಿ ಹೊಟ್ಟೆಗೆ ಮಾತ್ರೆ ನುಂಗಿಸಿ, ಬಾಯಿ ತೆರೆಸಿ ನೋಡುತ್ತಿದ್ದೆ. ಮೂತ್ರ ಕೆಂಪಗೆ ಹೋದರೆ ಮಾತ್ರೆ ಹೊಟ್ಟೆ ಸೇರಿದೆ ಎಂದು ಲೆಕ್ಕ, ಅದನ್ನೂ ವಿಚಾರಿಸುತ್ತಿದ್ದೆ. ಮೊಟ್ಟೆ, ಕಾಲುಸೂಪು, ಬಿಸಿನೀರು. ಉಗುಳುವ ಡಬ್ಬಿಗೆ ಫಿನಾಯಿಲ್ ಹಾಕಿ ತೊಳೆದು, ಆಮೇಲೆ ಸೋಪಿನಲ್ಲಿ ಎರಡು ಸಲ ಕೈ ತಿಕ್ಕಿಕೊಂಡೇ ಬಿಳಿ ಬಟ್ಟೆ ಮುಟ್ಟುತ್ತಿದ್ದದ್ದು. ಮಧ್ಯಾಹ್ನ ಅವರು ಮಂಪರಿನಲ್ಲಿದ್ದಾಗ ಒಂದು ಎಳೆ, ಸಂಜೆ ಗಂಜಿ ಕುದಿಯುವಾಗ ಒಂದು ಎಳೆ.

ಕೆಲವು ದಿನ ಅವರೇ ಗ್ರಾಫ್ ಕಾಗದ ಹಿಡಿದು ಮಂಚದಿಂದ ಎಣಿಸಿ ಹೇಳುತ್ತಿದ್ದರು. "ಅಸ್ರು ನಾಕು, ಕೆಂಪು ಒಂದು, ತಿರ್ಗ ಅಸ್ರು ಎರ್ಡು." ಕೆಮ್ಮು ಬಂದರೆ ಓದುತ್ತಿದ್ದ ಚೌಕದ ಮೇಲೆ ಬೆರಳೊತ್ತಿ ಹಿಡಿದುಕೊಳ್ಳುತ್ತಿದ್ದರು, ನನ್ನ ಎಣಿಕೆ ತಪ್ಪಬಾರದೆಂದು. ನಿಜ ಹೇಳುತ್ತೇನೆ, ಆರು ವರ್ಷದ ಸಂಸಾರದಲ್ಲಿ ನನಗೆ ಅಷ್ಟು ಸುಖ ಅನ್ನಿಸಿದ್ದು ಆ ಮಧ್ಯಾಹ್ನಗಳಲ್ಲೇ.

ಆದರೆ ಎರಡು ತಿಂಗಳಾದರೂ ಜ್ವರ ಬಿಡಲಿಲ್ಲ, ಕೆಮ್ಮು ಇಳಿಯಲಿಲ್ಲ. ಅಂಗಿ ಮೈಮೇಲೆ ಜೋತಾಡತೊಡಗಿತು. ವಾರಕ್ಕೊಮ್ಮೆ ಕಂಬಂನಿಂದ ಬರುತ್ತಿದ್ದ ಅತ್ತಿಗೆ ಬಾಗಿಲಲ್ಲೇ ಶುರುಮಾಡುತ್ತಿದ್ದಳು.

"ಕೈಯಾಗೆ ಸೂಜಿ ಇಡ್ಕೊಂಡು ಕೂತ್ರೆ ನನ್ ತಂಬಿ ಎಂಗಮ್ಮಾ ಎದ್ದಾನು? ಗಂಡನ್ ನೋಡು ಅಂದ್ರೆ ಗಿಳಿ ನೋಡ್ತಾ ಕೂತವ್ಳೆ!"

ಹೊಲಿ ಎಂದು ದಾರದ ಬಣ್ಣ ಆರಿಸಿ ಕೊಟ್ಟವಳೂ ಅವಳೇ! ಆದರೂ ನಾನು ನಂಬಿದೆ. ಎಲ್ಲೋ ನನ್ನ ಕೈಯಲ್ಲೇ ಏನೋ ತಪ್ಪಾಗಿದೆ, ಒಂದು ಹೊತ್ತಿನ ಮಾತ್ರೆ ಮರೆತಿರಬೇಕು, ಹಾಲು ತಣ್ಣಗಾಗಿರಬೇಕು ಎಂದು ಬಚ್ಚಲಲ್ಲಿ ನಿಂತು ಅತ್ತೆ. ಹತ್ತು ದಿನ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ಜ್ವರ ಅದರಿಂದಲೂ ಇಳಿಯಲಿಲ್ಲ. ಯಜಮಾನರೇ, "ತಗದು ಒಲಿ. ನೀ ಸುಮ್ನೆ ಕೂತ್ರೆ ನಂಗೆ ಬಯ ಆಗ್ತದೆ" ಎಂದರು. ಮತ್ತೆ ಹಿಡಿದೆ.

ಏಳು ಗಿಳಿಯೂ ಮುಗಿದವು. ತೋರಣದ ಎಲೆ ಸುರುಟಿಕೊಳ್ಳದೆ ನೇರ ನಿಲ್ಲಬೇಕಾದರೆ ಒಳಗೆ ಏನಾದರೂ ಬಿರುಸಾದದ್ದು ಇಡಬೇಕು. ರಟ್ಟು ಇಟ್ಟರೆ ಒಗೆದಾಗ ನೆನೆಯುತ್ತದೆ. ನಮ್ಮ ಕಡೆ ಹೆಂಗಸರು ಹಳೆಯ ಎಕ್ಸ್‌ರೇ ಫಿಲ್ಮನ್ನು ಎಲೆಯಾಕಾರಕ್ಕೆ ಕತ್ತರಿಸಿ ಒಳಗಿಟ್ಟು ಹೊಲಿಯುತ್ತಾರೆ. ಯಾವ ಮನೆಯಲ್ಲೂ ಎಕ್ಸ್‌ರೇ ಬಿಸಾಡುವ ಪದ್ಧತಿಯಿಲ್ಲ, ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಅಳತೆ ನೋಡಲು ಕಂಬಂಗೆ ಹೋದವಳು ಅತ್ತಿಗೆಯನ್ನು ಕೇಳಿದೆ. ಆಕೆ ಮುರುಕಿಗೆ ಹಿಟ್ಟು ಕಲಸುತ್ತಿದ್ದಳು.

"ಅಟ್ಟದ್ ಮ್ಯಾಲೆ ಕಾಕಿ ಕವರಾಗೆ ಅಮ್ಮನ್ ಕೈ ಮುರ್ದಾಗ ತೆಗ್ಸಿದ್ದು ಅದೆ. ಓಗಿ ತಗಳಮ್ಮ" ಎಂದಳು, ತಲೆ ಎತ್ತದೆ.

ಏಣಿ ಹತ್ತಿ ಕವರು ತೆಗೆದೆ. ಒಳಗೆ ಒಂದಲ್ಲ, ಎರಡು ಫಿಲ್ಮು. ಗಾಳಿಕಿಂಡಿಯ ಬೆಳಕಿಗೆ ಹಿಡಿದೆ. ಒಂದರಲ್ಲಿ ತೀರಿಹೋದ ಅತ್ತೆಯ ಮುಂಗೈ. ಇನ್ನೊಂದರಲ್ಲಿ ಎದೆಗೂಡು. ಕೈ ಮುರಿದವರಿಗೆ ಎದೆಯ ಫೋಟೋ ಯಾಕೆ ತೆಗೆಯುತ್ತಾರೆ? ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನನ್ನ ಗಂಡನ ಹೆಸರಿತ್ತು. ಕೆಳಗಿದ್ದ ವರ್ಷ ನಮ್ಮ ಮದುವೆಗಿಂತ ಒಂದು ವರ್ಷ ಹಿಂದಿನದು. ಎರಡನ್ನೂ ನನ್ನ ಕೈಚೀಲಕ್ಕೆ ಹಾಕಿಕೊಂಡು, ಅತ್ತಿಗೆಗೆ "ಸಿಕ್ತು" ಎಂದಷ್ಟೇ ಹೇಳಿ, ಸೀದಾ ತೇನಿ ಬಸ್ಸು ಹತ್ತಿದೆ.

ಡಾಕ್ಟರು ಫಿಲ್ಮನ್ನು ದೀಪದ ಮುಂದೆ ಹಿಡಿದು ನೋಡಿದರು. ಆಮೇಲೆ ನನ್ನ ಮೇಲೆ ರೇಗಿದರು. "ಅದೇ ಜಾಗ, ಅದೇ ಕಾಯಿಲೆ. ಒಮ್ಮೆ ಮಾತ್ರೆ ತಿಂದು ಅರ್ಧಕ್ಕೆ ಬಿಟ್ಟವರಿಗೆ ಇಂಜೆಕ್ಷನ್ ಸೇರಿಸಿ ಬೇರೆ ಥರ ಔಷಧಿ ಕೊಡಬೇಕಮ್ಮ. ಮೊದಲ ದಿನವೇ ಹೇಳಿದ್ದರೆ ಇಷ್ಟೊತ್ತಿಗೆ ಎದ್ದು ಓಡಾಡುತ್ತಿದ್ದರು. ಕೇಳಿದೆನಲ್ಲ, ಯಾಕೆ ಮುಚ್ಚಿಟ್ಟಿರಿ?" ನಾನು ಮುಚ್ಚಿಟ್ಟೆನಂತೆ!

ಮನೆಗೆ ಬಂದು ಫಿಲ್ಮನ್ನು ಅವರ ಹೊದಿಕೆಯ ಮೇಲೆ ಇಟ್ಟೆ. ಅವರು ನೋಡಿದರು, ಕಣ್ಣು ಮುಚ್ಚಿಕೊಂಡರು.

"ಎಷ್ಟ್ ದಿನ ತಿಂದ್ರಿ ಆವಾಗ?"

"ಎರ್ಡು ತಿಂಗ್ಳು. ಕೆಮ್ಮು ನಿಂತೋಯ್ತು. ನಿನ್ ನೋಡಕ್ ಬರೋದಿತ್ತು. ನಿಮ್ ಕಡೆಯೋರು ಮನೆಗ್ ಬಂದ್ರೆ ಮಾತ್ರೆ ಕಂಡ್ಬುಡ್ತಾರೆ ಅಂತ ಅಕ್ಕ ಬ್ಯಾಡ ಅಂದ್ಲು."

ನನ್ನನ್ನು ಹೆಣ್ಣು ನೋಡುವುದಕ್ಕಾಗಿ ಮಾತ್ರೆ ನಿಲ್ಲಿಸಿದರಂತೆ. ಆರು ವರ್ಷ ಒಂದೇ ಲೋಟದಲ್ಲಿ ನೀರು ಕುಡಿದಿದ್ದೇವೆ.

"ಓಗ್ಲಿ, ಅದು ಅವತ್ತಿನ ಮಾತು," ಎಂದೆ. "ಇವತ್ತು? ನಿಮ್ಮಕ್ಕ ಬಂದ್ ಬಂದು ನನ್ ಸೂಜಿ ಮ್ಯಾಲೆ ತಪ್ಪು ಆಕ್ದಾಗ, ಇಲ್ಲೇ ಮಲಗಿದ್ರಲ್ಲ, ನಿಮ್ಗೆ ಗೊತ್ತಿತ್ತಲ್ಲ? ನಾ ಅತ್ತಿದ್ದು ಕೇಳ್ಸಿತಾ ಇಲ್ವಾ?"

"ಕೇಳ್ಸಿತು," ಎಂದರು.

ಇಲ್ಲ ಎಂದಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಚೌಕ ತಪ್ಪದಂತೆ ಬೆರಳೊತ್ತಿ ಹಿಡಿಯುತ್ತಿದ್ದ ಮನುಷ್ಯ, ನನ್ನ ಅಳು ಕೇಳಿಸಿಕೊಂಡು ಗೋಡೆ ಕಡೆ ಹೊರಳಿ ಮಲಗಿದ್ದ. ಅವರನ್ನು ಹಾಗೇ ಬಿಟ್ಟು ಆಂಡಿಪಟ್ಟಿಗೆ ಹೋಗಿಬಿಡಬೇಕೆಂದು ಚೀಲ ಕೂಡ ತುಂಬಿದೆ. ಮರುದಿನ ಮೊದಲ ಇಂಜೆಕ್ಷನ್ ಇತ್ತು, ಅದು ಮುಗಿಯಲಿ ಎಂದು ನಿಂತೆ. ಅದರ ಮರುದಿನ ಎರಡನೆಯದು. ನಮ್ಮ ಬೀದಿಯ ಕೊನೆಯಲ್ಲಿದ್ದ ನರ್ಸಮ್ಮನ ಮನೆಗೆ ದಿನಾ ಕೈ ಹಿಡಿದು ನಡೆಸಿಕೊಂಡು ಹೋದೆ. ಇಪ್ಪತ್ತು ದಿನಕ್ಕೆ ಜ್ವರ ಬಿಟ್ಟಿತು. ತೋರಣವನ್ನೂ ಮುಗಿಸಿದೆ, ಅತ್ತೆಯ ಮುಂಗೈ ಫಿಲ್ಮನ್ನೇ ಕತ್ತರಿಸಿ ಒಳಗಿಟ್ಟು. ಗಿಳಿಗಳು ನನಗೇನು ದ್ರೋಹ ಮಾಡಿದ್ದವು?

ಆರತಿಯ ದಿನ ಅವರು ಹೊಸ ವೇಷ್ಟಿ ಉಟ್ಟು ನಿಂತು ಸೋದರಸೊಸೆಗೆ ಮಾಲೆ ಹಾಕಿದರು. ಹೆಂಗಸರು ಬಾಗಿಲಲ್ಲಿ ತೋರಣ ಹಿಡಿದು, ಮಗುಚಿ ಹಿಂಬದಿಯ ಹೊಲಿಗೆ ನೋಡಿ ಹೊಗಳುತ್ತಿದ್ದರು. ಅತ್ತಿಗೆ ನಗುತ್ತಾ ಬಂದಳು.

"ಚಳಿಗಾಲ ಪೂರಾ ಅವ್ಳು ಒಲಿತಾ ಕೂತ್ಲು. ನನ್ ತಂಬೀನ ಎಬ್ಸಿ ನಿಲ್ಸಕ್ಕೆ ನಾ ಪಟ್ಟ ಪಾಡು ಆ ದ್ಯಾವ್ರಿಗೇ ಗೊತ್ತು!"

ನನ್ನ ಬಾಯಿ ನನ್ನ ಹಿಡಿತದಲ್ಲಿರಲಿಲ್ಲ. "ಯಾಕೆ ಅತ್ತಿಗೆ, ಮದ್ವೆಗ್ ಮುಂಚೇನೆ ಇದೇ ಕಾಯ್ಲೆ ಇದ್ದುದ್ದು, ಮಾತ್ರೆ ನೀವೇ ನಿಲ್ಸಿದ್ದು, ಅದ್ನೂ ಯೋಳಿ," ಎಂದೆ. ಒಬ್ಬ ಹಿರಿಯ ಹೆಂಗಸು ಯಜಮಾನರ ಕಡೆ ತಿರುಗಿ, "ಏನಪ್ಪ, ನಿಜವಾ?" ಎಂದು ಕೇಳಿದಳು.

ಅವರು ಅಕ್ಕನನ್ನು ನೋಡಿದರು. ಮಾಲೆ ಹಾಕಿಕೊಂಡು ಕೂತಿದ್ದ ಹುಡುಗಿಯನ್ನು ನೋಡಿದರು. ಕೊನೆಗೆ ನನ್ನನ್ನು ನೋಡಿದರು.

"ಅಂತದ್ದೇನೂ ಇಲ್ಲ," ಎಂದರು. "ನೆಂಜಿನಾಗೆ ಸಳಿ ಕಟ್ಟಿತ್ತು, ಎದ್ಯಾಗೆ ಕಫ, ಅಷ್ಟೇ. ನಿದ್ದೆಗೆಟ್ಟು ಇವ್ಳಿಗೇ ತಲೆ ಸರಿ ಇಲ್ಲ."

ಯಾರೋ "ಪಾಪ" ಎಂದರು. ನನಗೆ ಅಂದದ್ದು. ಒಬ್ಬಳು ನೀರು ತಂದುಕೊಟ್ಟಳು, ಕುಡಿದೆ.

ಮರುದಿನ ಬೆಳಿಗ್ಗೆ ಇಂಜೆಕ್ಷನ್ ತಪ್ಪಿಸುವಂತಿರಲಿಲ್ಲ, ತಪ್ಪಿಸಿದರೆ ಮತ್ತೆ ಮೊದಲಿನ ಹಾಗೇ. ಕಂಬಳಿ ಹೊದಿಸಿ ನರ್ಸಮ್ಮನ ಮನೆಗೆ ಕರೆದುಕೊಂಡು ಹೋದೆ. ಆಕೆ ಒಳಗೆ ಸೂಜಿ ಕುದಿಸುತ್ತಿದ್ದಾಗ ಅವರು ಬೆಂಚಿನ ಮೇಲೆ ಮಲಗಿ ನನ್ನ ಸೆರಗು ಹಿಡಿದರು. "ಕೋಪನಾ?" ಎಂದು ಕೇಳಿದರು.

"ಅತ್ಲಾಗೆ ತಿರುಗ್ಕೊಳಿ," ಎಂದೆ.