ಗೆರೆಯ ಕಾವಲು

ಬಂದರಿನ ಜನ ಅವನನ್ನು ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಎಂಥ ಮಂಜಿನಲ್ಲೂ ಎಂಜಿನ್ನಿನ ಸದ್ದು ಕೇಳಿಯೇ ಅದು ಯಾರ ದೋಣಿ ಎಂದು ಹೇಳಿಬಿಡುತ್ತಿದ್ದ. ಹೆಂಡತಿ ಕರೆದದ್ದು ಮಾತ್ರ ಅದೇ ಕಿವಿಗೆ ಬೀಳುತ್ತಿರಲಿಲ್ಲ, ಆ ಮಾತು ಬೇರೆ.

ಕಡಲೊಳಗಿನ ಬಂಡೆಸಾಲಿನ ಸುತ್ತ ಹಳದಿ ಡ್ರಮ್ಮುಗಳನ್ನು ತೇಲಿಬಿಟ್ಟು, ಈ ಗೆರೆಯೊಳಗೆ ಯಾರೂ ಬಲೆ ಹಾಕಕೂಡದು ಎಂದು ಗೊತ್ತುಮಾಡಿದಾಗ, ಮೀನುಗಾರರ ಸಂಘ ಅವನನ್ನೇ ಕಾವಲಿಗೆ ನಿಲ್ಲಿಸಿತು. ಒಳಗೆ ಮೀನು ಮರಿಮಾಡಿ ಬೆಳೆದರೆ ಹೊರಗೂ ಹರಡುತ್ತದೆ, ಆಗ ಎಲ್ಲರಿಗೂ ಲಾಭ ಎಂಬ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಮೀನು ಬೆಳೆಯುವವರೆಗೆ ಹೊಟ್ಟೆ ಕಾಯುತ್ತದೆಯೇ? ದೊಡ್ಡ ದೋಣಿಯವರು ಆಳದ ಕಡಲಿಗೆ ಹೋದರು. ಸಣ್ಣ ದೋಣಿಯವರು ಕಿವಿಯಣ್ಣನಿಗೆ ಹಿಡಿಶಾಪ ಹಾಕುತ್ತ ದಡದಲ್ಲೇ ಉಳಿದರು.

ಅವನ ತಮ್ಮನದೂ ಸಣ್ಣ ದೋಣಿಯೇ. ಒಂದು ದಿನ ಗೆರೆಯ ಬಳಿ ಬಂದು ಕೇಳಿದ. "ಅಣ್ಣಾ, ಇವತ್ತೊಂದಿನ ಒಳಗೆ ಬಿಡು. ಹೊರಗೆ ಗಾಳಿ ಜೋರಾಗಿದೆ."

"ನಿನ್ನ ಬಿಟ್ರೆ ಎಲ್ಲರನ್ನೂ ಬಿಡಬೇಕಾಗುತ್ತೆ ಕಣೋ."

ತಮ್ಮ ದೋಣಿಯನ್ನು ಹೊರಗಡೆಗೆ ತಿರುಗಿಸಿದ. ಆಮೇಲೆ ದಡಕ್ಕೆ ಬಂದದ್ದು ನಾಲ್ಕಾರು ಹಲಗೆ ಮಾತ್ರ.

ವರ್ಷಗಳು ಕಳೆದಿವೆ. ಈಗ ಗೆರೆಯಂಚಿನಲ್ಲಿ ಬಲೆ ಬೀಸಿದರೆ ಎಳೆಯಲು ಕೈ ಸಾಲದು. ಬಂಡೆಸಾಲು ನೋಡಲು ಬಂದು ಮುಳುಗು ಹಾಕುವವರು ಕೊಡುವ ದುಡ್ಡಿನಲ್ಲಿ ಬಂದರಿಗೆ ಮಂಜುಗಡ್ಡೆಯ ಕೋಣೆಯೂ ಆಗಿದೆ. ಬೈದವರೇ ಬೆನ್ನು ತಟ್ಟುತ್ತಾರೆ. ಕಿವಿಯಣ್ಣನಿಗೆ ಮಾತ್ರ ಮೀನು ಗಂಟಲಲ್ಲಿ ಇಳಿಯುವುದಿಲ್ಲ.

ತಮ್ಮ ತನ್ನ ಎಂಜಿನ್ನಿನ ಹೊಗೆಕೊಳವೆಗೆ ತಗಡಿನ ಡಬ್ಬಿ ಕಟ್ಟುತ್ತಿದ್ದ. ಅದರಿಂದ ಸದ್ದು ಕೆಮ್ಮಿದಂತೆ ಬರುತ್ತಿತ್ತು. ಮಂಜು ಕವಿದಾಗಲೆಲ್ಲ ಆ ಕೆಮ್ಮು ಗೆರೆಯೊಳಗಿನಿಂದ ಕೇಳುತ್ತದೆ. ಇವನು ದೋಣಿ ತಿರುಗಿಸಿಕೊಂಡು ಹೋಗಿ ನೋಡುತ್ತಾನೆ. ಅಲ್ಲಿ ಬರೀ ನೀರು.

ಅವತ್ತೂ ಅದೇ ಕೆಮ್ಮು ಕೇಳಿತು, ಆದರೆ ಗೆರೆಯ ಹೊರಗಿನಿಂದ. ಗಾಳಿ ಎದ್ದು ಮಂಜು ಹರಿಯುತ್ತಿತ್ತು. ಈ ಸಲ ಸದ್ದಿನ ಹಿಂದೆ ದೋಣಿಯೂ ಕಾಣಿಸಿತು.

"ದೊಡ್ಡಪ್ಪಾ, ನಾನು!" ತಮ್ಮನ ಮಗಳು ಕೂಗಿದಳು. ಅಪ್ಪ ಮಾಡುತ್ತಿದ್ದಂತೆಯೇ ಡಬ್ಬಿ ಕಟ್ಟಿಕೊಂಡಿದ್ದಳು.

"ಎಲ್ಲಿಗಮ್ಮಾ?"

"ಆಳಕ್ಕೆ. ಅಂಚಲ್ಲೆಲ್ಲ ದೊಡ್ಡ ದೋಣಿಗಳೇ ತುಂಬ್ಕೊಂಡಿವೆ. ನಮ್ಮಂಥೋರಿಗೆ ಜಾಗ ಎಲ್ಲಿದೆ?"

ಗಾಳಿ ಅಂದಿನ ಗಾಳಿಯೇ. ಅವನು ಡ್ರಮ್ಮುಗಳತ್ತ ಕೈ ತೋರಿಸಿದ. "ಒಳಗೇ ಹಾಕಮ್ಮಾ ಬಲೆ. ನಾನು ನೋಡಿಲ್ಲ ಅಂತೀನಿ."

ಹುಡುಗಿ ಅವನನ್ನೇ ದಿಟ್ಟಿಸಿದಳು. "ಈಗ ಬಿಡೋದಾದ್ರೆ ನಮ್ಮಪ್ಪನ್ನ ಯಾಕೆ ಬಿಡಲಿಲ್ಲ?"

ಅವನು ಅವಳ ದೋಣಿಯ ಅಂಚಿನತ್ತ ಕೈ ಚಾಚಿದ.

"ನೀವೀಗ ನನ್ನ ಬಿಟ್ರೆ ಅಪ್ಪ ಸುಮ್ಮನೆ ಸತ್ತ ಹಾಗಾಗುತ್ತೆ ದೊಡ್ಡಪ್ಪಾ. ನಾನು ಬರಲ್ಲ." ಅವಳು ದೋಣಿ ತಿರುಗಿಸಿದಳು. ಕೆಮ್ಮುತ್ತ ಕೆಮ್ಮುತ್ತ ಸದ್ದು ದೂರವಾಯಿತು.

ಕಿವಿಯಣ್ಣ ಡ್ರಮ್ಮಿಗೆ ಕಟ್ಟಿದ್ದ ದೋಣಿಯ ಹಗ್ಗ ಬಿಚ್ಚಿ ಎಂಜಿನ್ ಶುರುಮಾಡಿದ. ಕಾವಲಿಗೆ ನಿಂತ ಮೇಲೆ ಗೆರೆ ಬಿಟ್ಟು ಹೋದದ್ದು ಅದೇ ಮೊದಲು. "ನಿಧಾನ ಹೋಗಮ್ಮಾ, ಹಿಂದೇ ಇದೀನಿ" ಎಂದು ಕೂಗುತ್ತ ಅವಳ ಬೆನ್ನು ಹಿಡಿದ. ಕಾವಲಿನವನು ಹೋದದ್ದು ಕಂಡು ಎರಡು ದೋಣಿಗಳು ಡ್ರಮ್ಮುಗಳನ್ನು ದಾಟಿ ಒಳಗೆ ನುಗ್ಗಿದವು. ಯಾರವೆಂದು ಅವನಿಗೆ ಸದ್ದಿನಿಂದಲೇ ಗೊತ್ತಾಯಿತು. ಅವನು ತಿರುಗಿ ನೋಡಲಿಲ್ಲ.